ಏಳೂವರೆಯ ಗಿರಿಜೆ

ಟೀವಿಯ ತಳದಲ್ಲಿ ಗೂಡ್ಸು ರೈಲಿನಂತೆ ಅಕ್ಷರಗಳು ಹರಿದು ಹೋಗುತ್ತವಲ್ಲ, ನಾಗಮಂಗಲದ ಬಡಗಿ ಪುಟ್ಟಸ್ವಾಮಿ ಅವನ್ನು ಹುಟ್ಟಿದಾಗಿನಿಂದ ಓದಿದವನಲ್ಲ. ಸೋಮವಾರ ಸಂಜೆ ಯಾಕೋ ಓದಿಬಿಟ್ಟ. ಅಲ್ಲಿಂದ ಶುರುವಾಯಿತು ಗ್ರಹಚಾರ.

‘ಮೂರನೇ ಮೆಟ್ಟಿಲು: ಕೊನೆಯ ಹದಿನೈದು ಸಂಚಿಕೆಗಳು. ತಪ್ಪದೇ ನೋಡಿ.’

ಅವನ ಕೈಯಲ್ಲಿದ್ದ ಮರ ಉಜ್ಜುವ ಉಪ್ಪುಕಾಗದ ಜಾರಿ ಬಿತ್ತು. ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಹೆಂಡತಿ ವೆಂಕಟಮ್ಮ ಕಾಳನ್ನು ಸಿಪ್ಪೆಯ ಬುಟ್ಟಿಗೂ ಸಿಪ್ಪೆಯನ್ನು ಕಾಳಿನ ಪಾತ್ರೆಗೂ ಹಾಕತೊಡಗಿದಳು. ಸತ್ತ ಮನೆಯಲ್ಲೂ ಅಷ್ಟು ಮೌನ ಇರುವುದಿಲ್ಲ. ಅಲ್ಲಿ ಯಾರಾದರೂ ಕಾಫಿ ಕೇಳುತ್ತಾರೆ.

‘ಮೂರನೇ ಮೆಟ್ಟಿಲು’ ಎಂದರೆ ಗಿರಿಜೆ ಎಂಬ ವಿಧವೆ ಬಸ್ ಸ್ಟ್ಯಾಂಡಿನ ಪಕ್ಕದಲ್ಲಿ ಮೆಸ್ಸು ನಡೆಸುವ ಕತೆ. ಅದರಲ್ಲಿ ನಾಗರಹಾವು ಬಂದು ಸೇಡು ತೀರಿಸಿಕೊಳ್ಳುವುದಿಲ್ಲ. ಅತ್ತೆ ಹಾಲಿಗೆ ವಿಷ ಬೆರೆಸುವುದಿಲ್ಲ. ಕಾಸಿನ ಸರ ಹಾಕಿಕೊಂಡು ಯಾರೂ ಮಲಗುವುದಿಲ್ಲ. ಕೆನ್ನೆಗೆ ಹೊಡೆದರೆ ಒಂದೇ ಸಲ ಹೊಡೆಯುತ್ತಾರೆ, ಮೂರು ದಿಕ್ಕಿನಿಂದ ಮೂರು ಸಲ ತೋರಿಸುವುದಿಲ್ಲ. ಪ್ರಶಸ್ತಿ ಬಂದಿತ್ತು, ಪೇಪರಿನವರು ಹೊಗಳಿದ್ದರು, ಬೀದಿಗೆ ಬೀದಿಯೇ ಏಳೂವರೆಗೆ ಬಾಗಿಲು ಮುಂದೆ ಮಾಡಿಕೊಂಡು ನೋಡುತ್ತಿತ್ತು. ಅಂಥದ್ದನ್ನು ನಿಲ್ಲಿಸುತ್ತಾರಂತೆ.

ಪುಟ್ಟಸ್ವಾಮಿ ಮಾತ್ರ ‘ಧಾರಾವಾಹಿ ನೋಡಾದು ಕೆಲ್ಸ ಇಲ್ದೋರು’ ಎಂದು ಊರೆಲ್ಲ ಹೇಳಿಕೊಂಡು ತಿರುಗುವವನು. ಆ ಮಾತು ಉಳಿಸಿಕೊಳ್ಳಲು ಏಳೂವರೆಗೆ ಸರಿಯಾಗಿ ಒಂದು ಕುರ್ಚಿಯ ಕಾಲು ಹಿಡಿದು ಉಜ್ಜುತ್ತ ಕೂರುತ್ತಿದ್ದ. ಮೂರು ವರ್ಷ ಒಂದೇ ಕಾಲನ್ನು ಉಜ್ಜಿ ಉಜ್ಜಿ ಅದು ಈಗ ಲಟ್ಟಣಿಗೆಯಷ್ಟಾಗಿತ್ತು.

ಅವನಿಗೆ ಬೇಕಾದದ್ದು ಗಿರಿಜೆಯಷ್ಟೇ ಅಲ್ಲ. ಮಗಳು ಭೂಮಿಕ ಮದುವೆಯಾಗಿ ಕೆ.ಆರ್. ಪೇಟೆಗೆ ಹೋದ ಮೇಲೆ ಆ ಮನೆಯಲ್ಲಿ ಗಂಡ ಹೆಂಡತಿಗೆ ಉಳಿದದ್ದು ಮೂರೇ ಮಾತು: ಉಣ್ಣಾಕೆ ಬನ್ನಿ, ಗ್ಯಾಸು ಮುಗೀತು, ಬಾಗ್ಲಾಕಿ. ಜಗಳವಿಲ್ಲ, ಮುನಿಸಿಲ್ಲ. ಮಾತಿಗೆ ವಿಷಯವಿಲ್ಲ ಅಷ್ಟೇ. ಗಿರಿಜೆ ಬಂದಳು ನೋಡಿ, ಮಾತು ಕೆರೆ ಕೋಡಿ ಬಿದ್ದಂತೆ ಹರಿಯಿತು. ಗಿರಿಜೆಯ ತಂಗಿ ಮಾಡಿದ್ದು ಸರಿಯೋ ತಪ್ಪೋ ಎಂದು ಶುರುವಾದರೆ, ಅದು ವೆಂಕಟಮ್ಮನ ತಂಗಿಯ ಮದುವೆಗೆ ಹೋಗಿ, ಅಲ್ಲಿಂದ ತಮ್ಮ ಮದುವೆಯ ದಿನ ಸಾರು ಹಳಸಿದ್ದಕ್ಕೆ ಹೋಗಿ, ನಗು ಬಂದು, ನಿದ್ದೆ ಬರುವವರೆಗೂ ನಡೆಯುತ್ತಿತ್ತು. ಮೂವತ್ತು ವರ್ಷ ಜೊತೆಗಿದ್ದ ಹೆಂಗಸು ಇಷ್ಟು ತಮಾಷೆಯವಳು ಎಂದು ಪುಟ್ಟಸ್ವಾಮಿಗೆ ಗೊತ್ತಾದದ್ದೇ ಈ ಧಾರಾವಾಹಿ ಬಂದ ಮೇಲೆ.

ಮಂಗಳವಾರ ಬೆಳಿಗ್ಗೆ ವೆಂಕಟಮ್ಮ ಉಪ್ಪಿಟ್ಟಿನ ತಟ್ಟೆ ತಂದಿಟ್ಟು ಸುಮ್ಮನೆ ಒಳಗೆ ಹೋದಳು. ಆ ಹಳೆಯ ಮೌನ ಆಗಲೇ ಬಂದು ಹೊಸ್ತಿಲ ಮೇಲೆ ಕೂತಿತ್ತು. ಪುಟ್ಟಸ್ವಾಮಿ ಉಪ್ಪಿಟ್ಟನ್ನು ಅರ್ಧಕ್ಕೆ ಬಿಟ್ಟು ಎದ್ದ. ಹತ್ಯಾರದ ಚೀಲ ಹೆಗಲಿಗೇರಿಸಿಕೊಂಡು ಹೊರಬಿದ್ದ. ಬೆಳ್ಳೂರು ಕ್ರಾಸಿನಲ್ಲಿ ಒಂದು ಹೋಟೆಲಿನ ಕಿಟಕಿ ಕೆಲಸಕ್ಕೆ ಹೋಗಬೇಕಿತ್ತು. ಆದರೆ ಕಾಲು ಕೇಬಲ್ ಆಫೀಸಿನ ಕಡೆ ತಿರುಗಿತು.

"ಎಲ್ಲಿಗ್ಲಾ ಪುಟ್ಸಾಮಿ, ಮಖ ಉರ್ದ್ ಮೆಣಸಿನ್ಕಾಯಾಗದೆ?"

ಕೇಳಿದವಳು ಎದುರು ಮನೆಯ ಕುಳ್ಳಮ್ಮ. ಎಪ್ಪತ್ತು ದಾಟಿದ ಮುದುಕಿ. ಬೀದಿಯಲ್ಲಿ ಯಾರ ಮನೆಯ ಹಾಲು ಉಕ್ಕಿದರೂ ಮನೆಯವರಿಗಿಂತ ಮೊದಲು ಅವಳಿಗೆ ಗೊತ್ತಾಗುತ್ತದೆ. ಅವಳ ಜಗಲಿಯ ಮೇಲೆ ನಿವೃತ್ತ ಬಸ್ ಕಂಡಕ್ಟರ್ ಸೋಮಯ್ಯನೂ ಕೂತಿದ್ದ. ಈಗ ಲಗೇಜ್ ಆಟೋ ಓಡಿಸುತ್ತಾನೆ. ಬಾಡಿಗೆ ಇಲ್ಲದ ದಿನ ಅವರಿವರ ವಿಷಯ ಓಡಿಸುತ್ತಾನೆ.

"ಗಿರಿಜೆ ಪಾತ್ರ ಮಾಡೋಳು ಬಸ್ರಿ ಕಣ್ಲಾ. ಅದ್ಕೇ ನಿಲ್ಸ್ತಾವ್ರೆ," ಎಂದಳು ಕುಳ್ಳಮ್ಮ. "ವಾರದಿಂದ ಬರೀ ಕುತ್ಗೆ ಮ್ಯಾಗ್ಳುದ್ನೇ ತೋರಿಸ್ತಾವ್ರೆ. ಗ್ಯಾನ ಇಟ್ಟು ನೋಡ್ನಿಲ್ವಾ ನೀನು?"

"ನಾನೆಲ್ಲಿ ನೋಡ್ತೀನವ್ವ ಅದ್ನೆಲ್ಲ."

"ಔದೌದು. ಗಿರಿಜೆಗೆ ಜ್ವರ ಬಂದಿದ್ ದಿನ ನೀನು ಮೂಗು ಸೀಟಿದ್ದು ನಮ್ಮನೆ ಅಡ್ಗೆ ಮನೇಗಂಟ ಕೇಳ್ತು."

ಸೋಮಯ್ಯ ಗಂಟಲು ಸರಿಮಾಡಿಕೊಂಡ. "ಟಿಕೆಟ್ ತಗಳೋರು ಕಮ್ಮಿಯಾದ್ರೆ ರೂಟು ಕಟ್ ಮಾಡ್ತಾರೆ. ಇದೂ ಅಂಗೇಯ."

"ಕಮ್ಮಿ ಎಲ್ಲಾಯ್ತದಯ್ಯ? ಊರೇ ನೋಡ್ತದಲ್ಲ," ಎಂದಳು ಕುಳ್ಳಮ್ಮ.

"ಅದೇ ನಂಗೂ ಅರ್ಥ ಆಗ್ದಿರಾದು. ನಡಿ, ಕೇಬಲ್ನವ್ನ ಕೇಳೇಬುಡಮ."

ಕರೆಯದೆಯೇ ಇಬ್ಬರೂ ಹಿಂದೆ ಬಿದ್ದರು. ಬೀದಿಯವರು ಹಾಗೇ. ಔಷಧಿ ತರಲು ಹೊರಟರೂ ಜೊತೆಗೆ ಬಂದು ರೋಗ ಇಂಥದ್ದು ಎಂದು ಅಂಗಡಿಯವನಿಗೆ ತಾವೇ ಹೇಳುತ್ತಾರೆ.

ಕೇಬಲ್ಲಿನ ಶಿವಶಂಕರ್ ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ ವೈರುಗಳ ನಡುವೆ ಜೇಡದ ಹಾಗೆ ಕೂತಿದ್ದ. ಪುಟ್ಟಸ್ವಾಮಿ ಮೇಜಿನ ಮೇಲೆ ಚೀಲ ಕುಕ್ಕಿದ.

"ಯಾವನಯ್ಯ ಅದು ಗಿರಿಜೇನ ನಿಲ್ಸ್ತಿರೋನು?"

"ನಾನಲ್ಲ ಆಚಾರ್ರೇ. ಟೀಆರ್‌ಪಿ ಇಲ್ವಂತೆ."

"ಅದೇನ್ ರೋಗ?"

"ಎಷ್ಟು ಜನ ನೋಡ್ತಾರೆ ಅನ್ನೋ ಲೆಕ್ಕ. ಕಮ್ಮಿ ಬಂದ್ರೆ ಜಾಹೀರಾತು ಬರಲ್ಲ. ಜಾಹೀರಾತು ಬರ್ದಿದ್ರೆ ಎಷ್ಟು ಒಳ್ಳೆ ಕತೆ ಆದ್ರೂ ಎತ್ತಂಗಡಿ."

"ನಾನು ನೋಡ್ತೀನಿ, ನನ್ನೆಂಡ್ತಿ ನೋಡ್ತಾಳೆ. ಬರ್ಕೊ."

ಕುಳ್ಳಮ್ಮ ಸೋಮಯ್ಯನ ಮುಖ ನೋಡಿದಳು. ಪುಟ್ಟಸ್ವಾಮಿಗೆ ಮಾತು ಬಾಯಿಂದ ಜಾರಿದ್ದು ಗೊತ್ತಾಯಿತು. ಈಗ ಅದಕ್ಕೆಲ್ಲ ನಾಚುವ ಹೊತ್ತಲ್ಲ ಎಂದು ಹಾಗೇ ನಿಂತ.

"ಬರ್ಕೊಳ್ಳೋ ಹಂಗಿಲ್ಲ ಆಚಾರ್ರೇ. ನೀವು ನೋಡಿದ್ದು ಲೆಕ್ಕಕ್ಕಿಲ್ಲ."

"ಮೂರು ವರ್ಷ ನೋಡಿವ್ನಿ ಕಣಯ್ಯ."

"ನೂರು ವರ್ಷ ನೋಡಿದ್ರೂ ಅವ್ರಿಗೆ ಗೊತ್ತಾಗಲ್ಲ. ಅಲ್ಲೊಂದು ಇಲ್ಲೊಂದು ಮನೇಲಿ ಟೀವಿ ಪಕ್ಕ ಒಂದು ಪೆಟ್ಟಿಗೆ ಇಟ್ಟಿರ್ತಾರೆ. ಅದಕ್ಕೆ ಬೇರೆ ರಿಮೋಟು. ಮನೇಲಿ ಒಬ್ಬೊಬ್ಬರಿಗೆ ಒಂದೊಂದು ನಂಬರು. ಟೀವಿ ಮುಂದೆ ಕೂತೋರು ಅವರವರ ನಂಬರು ಒತ್ತಬೇಕು. ಒತ್ತಿದ್ರೆ ನೋಡಿದ್ರು ಅಂತ. ಒತ್ತಲಿಲ್ವಾ, ಯಾರೂ ನೋಡ್ಲಿಲ್ಲ ಅಂತ. ಆ ಒಂದು ಮನೆ ಲೆಕ್ಕ ಸಾವಿರಾರು ಮನೆ ಲೆಕ್ಕ."

ಪುಟ್ಟಸ್ವಾಮಿ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಸಿದ. ಸ್ಟೂಲು ಕಿರುಗುಟ್ಟಿತು. "ಅಂದ್ರೆ ನಾಗಮಂಗ್ಲ, ಬೆಳ್ಳೂರು, ದೇವಲಾಪುರ ಎಲ್ಲಾ ಸೇರಿ ಯಾವನೋ ಒಬ್ಬ ನೋಡ್ದಂಗಾ?"

"ಅವನು ನೋಡಿದ್ರೆ ನೀವೆಲ್ಲ ನೋಡ್ದಂಗೆ. ಅವನು ನೋಡ್ಲಿಲ್ಲ ಅಂದ್ರೆ ನೀವ್ಯಾರೂ ನೋಡಿಲ್ಲ."

"ಓಟಾದ್ರೂ ತಲೆಗೊಂದು ಕೊಟ್ಟವ್ರಲ್ಲಪ್ಪ," ಎಂದ ಸೋಮಯ್ಯ.

"ಆ ಪೆಟ್ಗೆ ಎಲ್ಲದೆ?" ಪುಟ್ಟಸ್ವಾಮಿಯ ದನಿ ಗರಗಸದ ಹಾಗೆ ಕೊಯ್ದಿತು.

"ಅದನ್ನ ಹೇಳೋ ಹಂಗಿಲ್ಲ. ಗುಟ್ಟು."

ಆಗ ಕುಳ್ಳಮ್ಮ ಮುಂದೆ ಬಂದಳು. "ಶಿವ್ಸಂಕ್ರ, ನೀನುಟ್ಟಿದಾಗ ನಿಂಗೆ ನೀರುಯ್ದೋಳು ನಾನು. ನೀನು ಒಂಬತ್ತನೇ ವರ್ಸದಗಂಟ ಚಾಪೆ ಒದ್ದೆ ಮಾಡ್ತಿದ್ದುದ್ನ ಇವತ್ತಿಗೂ ಒಬ್ರ ತಾವ ಬಾಯ್ಬುಟ್ಟಿಲ್ಲ ನಾನು. ಗುಟ್ಟು ಅಂದ್ರೆ ಅಂಗಿರ್ಬೇಕು."

ಮೂಲೆಯಲ್ಲಿ ಬಿಲ್ಲು ಬರೆಯುತ್ತಿದ್ದ ಹುಡುಗಿ ತಲೆಯೆತ್ತಿದಳು. ಶಿವಶಂಕರ್ ಎದ್ದು ಬಾಗಿಲು ಹಾಕಿದ.

"ದೇವಲಾಪುರದಲ್ಲಿ ಒಂದಿದೆ. ಡೈರಿ ಹಿಂದೆ, ಹೊಸ ಮನೆ. ಹತ್ತು ತಿಂಗಳಿಂದ ಅಲ್ಲಿಂದ ಬರೀ ಸೊನ್ನೆ ಬರ್ತಾ ಇದ್ಯಂತೆ. ಟೀವಿ ಓಡ್ತಾ ಇರತ್ತೆ, ಮುಂದೆ ಕೂತೋರು ಯಾರೂ ಇಲ್ಲ ಅಂತ ತೋರಿಸತ್ತೆ. ನಾನು ಹೇಳ್ದೆ ಅನ್ಬೇಡಿ."

ಸೋಮಯ್ಯ ಆಟೋ ತಂದ. ಮುಂದೆ ಅವನ ಪಕ್ಕ ಕುಳ್ಳಮ್ಮ, ಹಿಂದೆ ಖಾಲಿ ಟೊಮೇಟೊ ಕ್ರೇಟುಗಳ ನಡುವೆ ಪುಟ್ಟಸ್ವಾಮಿ. ದಾರಿಯುದ್ದಕ್ಕೂ ಅವನ ಬಾಯಿ ನಿಲ್ಲಲಿಲ್ಲ. ಆ ಮನೆಯವನ ವಂಶವನ್ನು ಅಜ್ಜನಿಂದ ಹಿಡಿದು ಇನ್ನೂ ಹುಟ್ಟದ ಮೊಮ್ಮಗನವರೆಗೆ ಬೈದ. "ಒಂದ್ ಗುಂಡಿ ಒತ್ತಕ್ಕೆ ಸೋಮಾರಿತನ ಕಣವ್ವ ಬಡ್ಡೆತ್ತುದ್ದುಕ್ಕೆ. ಆ ಕೈ ಇದ್ದೇನು ಪ್ರಯೋಜ್ನ? ಮುರ್ದು ಮೂಲೇಗೆ ಮಡುಗ್ಬೇಕು. ಯಾವನೇ ಆಗಿರ್ಲಿ, ಇವತ್ತು ನಾನು ಬುಡಾಕಿಲ್ಲ."

"ಮುರಿ ಮುರಿ," ಎಂದಳು ಕುಳ್ಳಮ್ಮ ಮುಂದಿನಿಂದ. "ಮೊದ್ಲು ಕಾಫಿ ಕೊಡ್ತಾರಾ ನೋಡಮ."

ಡೈರಿ ದಾಟಿ ಆಟೋ ಹಿಂದಿನ ಬೀದಿಗೆ ತಿರುಗಿತು. ಕ್ರೇಟುಗಳ ನಡುವಿನಿಂದ ಇಣುಕಿದ ಪುಟ್ಟಸ್ವಾಮಿಯ ಬಾಯಿ ಅರ್ಧ ಬೈಗುಳದಲ್ಲೇ ನಿಂತಿತು. ಹಸಿರು ಬಣ್ಣದ ಮನೆ. ತೇಗದ ಬಾಗಿಲು. ಬಾಗಿಲ ಮೇಲೆ ಜೋಡಿ ಆನೆ. ಎಡಗಡೆ ಆನೆಯ ದಂತ ಒಂದಿಷ್ಟು ಗಿಡ್ಡ, ಕೆತ್ತುವಾಗ ಉಳಿ ಜಾರಿತ್ತು. ಅದು ಅವನಿಗೊಬ್ಬನಿಗೇ ಗೊತ್ತಿದ್ದ ವಿಷಯ, ಯಾಕೆಂದರೆ ಕೆತ್ತಿದವನು ಅವನೇ.

"ಓಹೋ, ಆಚಾರ್ರು. ಬನ್ನಿ ಬನ್ನಿ," ಎನ್ನುತ್ತ ಮನೆಯ ಯಜಮಾನ ಚಿಕ್ಕಸ್ವಾಮಿಗೌಡ ಹೊರಗೆ ಬಂದ. ನಾಲ್ಕು ಹಸು, ಎರಡು ಬೋರ್‌ವೆಲ್ಲು, ದೊಡ್ಡ ನಗು ಇರುವ ಮನುಷ್ಯ. "ಗೌರೀ, ಆಚಾರ್ರು ಬಂದವ್ರೆ, ಕಾಫಿ ಮಡಗು."

"ನೀನು ಮುರೀಬೇಕು ಅಂತಿದ್ ಕೈ ಇದೇನಾ?" ಕುಳ್ಳಮ್ಮ ಕಿವಿಯಲ್ಲಿ ಕೇಳಿದಳು. ಕುಳ್ಳಮ್ಮನ ಪಿಸುಮಾತು ಡೈರಿಯವರೆಗೆ ಕೇಳಿಸುತ್ತದೆ. ಪುಟ್ಟಸ್ವಾಮಿ ಕೆಮ್ಮಿ ಅದನ್ನು ಮುಚ್ಚಿದ.

ಒಳಗೆ ಗೋಡೆ ತುಂಬ ಟೀವಿಯ ಗೂಡು. ಎಂಟಡಿ ಅಗಲ, ತೇಗದ ಚೌಕಟ್ಟು, ಎರಡೂ ಕಡೆ ಬೊಂಬೆ ಇಡಲು ಅರೆಗಳು, ಕನ್ನಡಿಯಂಥ ಪಾಲಿಶು. ಹತ್ತು ತಿಂಗಳ ಹಿಂದೆ, ಗೃಹಪ್ರವೇಶವಾದ ಹೊಸದರಲ್ಲಿ, ಪುಟ್ಟಸ್ವಾಮಿಯೇ ಮಾಡಿಕೊಟ್ಟದ್ದು. "ಮನೆ ನೋಡಾಕೆ ಬಂದೋರು ಮನೆ ಬುಟ್ಟು ಇದ್ನೇ ನೋಡ್ಕೊಂಡು ಓದ್ರು," ಎಂದು ಚಿಕ್ಕಸ್ವಾಮಿ ಗೂಡಿನ ಬೆನ್ನು ತಟ್ಟಿದ, ಎತ್ತಿನ ಬೆನ್ನು ತಟ್ಟಿದ ಹಾಗೆ.

ಕುಳ್ಳಮ್ಮನಿಗೆ ಹೊಗಳಿಕೆಗೆಲ್ಲ ಪುರುಸೊತ್ತಿರಲಿಲ್ಲ. "ಗೌಡ್ರೇ, ನೀವ್ಯಾಕೆ ಗಿರಿಜೇನ ನೋಡಾಕಿಲ್ಲ?"

"ಯಾರು ಹಂಗಂದೋರು? ಮನೆಮಂದಿಯೆಲ್ಲ ನೋಡ್ತಾರೆ."

"ಮತ್ತೆ ನಂಬರು ಯಾಕೆ ಒತ್ತಾಕಿಲ್ಲ?"

ಚಿಕ್ಕಸ್ವಾಮಿ ಗಾಬರಿಯಾಗಿ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ನಿಮ್ಗೆಂಗೆ ಗೊತ್ತಾಯ್ತು? ಅದ್ನ ಯಾರ್ಗೂ ಏಳ್ಬೇಡಿ ಅಂದವ್ರೆ. ನಾನೂ ಯಾರ್ಗೂ ಏಳಿಲ್ಲ. ನಮ್ಮೂರೋರ್ಗೆ ಮಾತ್ರ ಗೊತ್ತು."

ಕಾಫಿ ತಂದ ಪುಟ್ಟಗೌರಮ್ಮ, ಗೌಡರ ಹೆಂಡತಿ, ಬೊಂಬೆಯ ಹಿಂದಿನಿಂದ ಒಂದು ಸಣ್ಣ ರಿಮೋಟು ತೆಗೆದಳು. "ದಿನಾ ಒತ್ತುತೀವಿ ಕಣವ್ವ. ಯಜಮಾನ್ರು ಒಂದು, ನಾನು ಎರಡು, ಅತ್ತೆ ಮೂರು, ಮಕ್ಳು ನಾಕು ಐದು. ಮೊದ್ಲು ಒತ್ತುದ್ರೆ ಕುಂಯ್ ಅಂತಿತ್ತು. ಈಗ ಉಸ್ರಿಲ್ಲ."

"ಪೆಟ್ಗೆ ಎಲ್ಲಿ?" ಸೋಮಯ್ಯ ಕೇಳಿದ.

"ಅದೇ ಕಾಣ್ತಿಲ್ಲ," ಎಂದ ಚಿಕ್ಕಸ್ವಾಮಿ ತಲೆ ಕೆರೆದುಕೊಂಡು. "ಅವ್ರು ಪೋನು ಮಾಡಿ ಪೆಟ್ಗೆ ಸರ್ಯಾಗದಾ ಅಂದ್ರು. ಸರ್ಯಾಗದೆ ಅಂದ್ಬುಟ್ಟೆ. ಕಳ್ದೋಯ್ತು ಅಂದ್ರೆ ನಮ್ ತಲೆ ಮೇಲೆ ಬತ್ತದಲ್ಲ."

ಪುಟ್ಟಸ್ವಾಮಿಯ ಕಾಫಿ ಲೋಟ ಅರ್ಧ ದಾರಿಯಲ್ಲಿ ನಿಂತಿತು. ಅವನ ತಲೆಯೊಳಗೆ ಹತ್ತು ತಿಂಗಳ ಹಿಂದಿನ ಒಂದು ಮಧ್ಯಾಹ್ನ ದೀಪ ಹಚ್ಚಿಕೊಂಡು ಎದ್ದು ನಿಂತಿತು. ‘ಆಚಾರ್ರೇ, ಒಂದು ವೈರೂ ಕಣ್ಣಿಗೆ ಬೀಳ್ಬಾರ್ದು’ ಎಂದಿದ್ದ ಗೌಡ. ಪುಟ್ಟಸ್ವಾಮಿ ಟೀವಿಯ ಹಿಂದೆ ಮುಂದೆ ನೇತಾಡುತ್ತಿದ್ದ ಸಮಸ್ತವನ್ನೂ ಹಿಂದಕ್ಕೆ ತಳ್ಳಿದ್ದ. ಅದರಲ್ಲಿ ಒಂದು ಕಪ್ಪು ಪೆಟ್ಟಿಗೆ, ಊಟದ ಡಬ್ಬಿಯಷ್ಟು, ಕೆಂಪು ದೀಪ ಮಿಣುಕುತ್ತಿತ್ತು. ಚಾರ್ಜರೋ ಏನೋ ಎಂದುಕೊಂಡು ಅದನ್ನೂ ಒಳಗೆ ಕೂರಿಸಿ, ಮೇಲೆ ಪ್ಲೈವುಡ್ಡು ಇಟ್ಟು, ಅಂಟು ಬಳಿದು, ನಲವತ್ತು ಸ್ಕ್ರೂ ಹೊಡೆದು, ತೇಗದ ಪಟ್ಟಿಯಿಂದ ಮುಚ್ಚಿಬಿಟ್ಟಿದ್ದ. ಗಾಳಿ ನುಗ್ಗಿದರೆ ಕಸುಬು ಬಿಡ್ತೀನಿ ಎಂದು ಎದೆ ತಟ್ಟಿಕೊಂಡಿದ್ದ. ಗಾಳಿಯೇ ನುಗ್ಗದ ಕಡೆ ರಿಮೋಟು ಎಲ್ಲಿ ನುಗ್ಗೀತು?

ಹತ್ತು ತಿಂಗಳು ಈ ಮನೆಯವರು ಹಲಗೆಗೆ ನಂಬರು ಒತ್ತಿದ್ದಾರೆ. ಗಿರಿಜೆಯ ಕತ್ತು ಹಿಸುಕಿದವನು ತಾನೇ.

ಅವನು ಲೋಟ ಕೆಳಗಿಟ್ಟ. "ನಡೀರಿ ಓಗಮ," ಎಂದು ಎದ್ದ. "ನಂಗೆ ಬೆಳ್ಳೂರ್ ಕ್ರಾಸಲ್ಲಿ ಕೆಲ್ಸ ಅದೆ."

"ಬುಡಾಕಿಲ್ಲ ಅಂತ ಬಂದೋನು ಕಾಫೀನೂ ಕುಡೀದೆ ಓಯ್ತಿಯಲ್ಲೊ," ಎಂದಳು ಕುಳ್ಳಮ್ಮ.

ಪುಟ್ಟಗೌರಮ್ಮ ಅವನನ್ನೇ ದಿಟ್ಟಿಸಿ ನೋಡಿದಳು. "ಆಚಾರ್ರೇ, ಬೇಜಾರ್ ಮಾಡ್ಕಬ್ಯಾಡಿ. ಆ ಪೆಟ್ಗೆ ಕಾಣ್ದಂಗಾಗಿದ್ದು ನೀವು ಗೂಡು ಕೂರ್ಸಿ ಓದ ದಿನದಿಂದ್ಲೇಯ."

ಚಿಕ್ಕಸ್ವಾಮಿಯ ದೊಡ್ಡ ನಗು ಸಣ್ಣದಾಯಿತು. ಸೋಮಯ್ಯ ಮೂವತ್ತು ವರ್ಷ ಟಿಕೆಟ್ ಇಲ್ಲದವರನ್ನು ಹಿಡಿದ ಕಣ್ಣಿನಿಂದ ಪುಟ್ಟಸ್ವಾಮಿಯ ಹತ್ಯಾರದ ಚೀಲ ನೋಡಿದ. ಕೈಯನ್ನೂ ಹಾಕಿಬಿಟ್ಟ.

"ಲೇ, ಚೀಲ ಬುಡ್ಲಾ ಸೋಮ."

"ಸುಮ್ನೆ ನೋಡ್ತಿವ್ನಿ ಕಣಪ್ಪ. ಇಲ್ದಿದ್ರೆ ನಿಂಗೇ ಒಳ್ಳೇದು."

"ನಿಮ್ಮಪ್ಪ ಬಂಗಾರದಂತ ಮನ್ಸ ಆಗಿದ್ದ," ಎಂದು ಕುಳ್ಳಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಒಬ್ರ ಮನೆ ಮೊಳೇನೂ ಮುಟ್ಟಿರ್ಲಿಲ್ಲ."

ಪುಟ್ಟಸ್ವಾಮಿಗೆ ತಡೆಯಲಾಗಲಿಲ್ಲ. "ನಾನು ಕದ್ದಿಲ್ಲ ಕಣವ್ವ," ಎಂದು ಗುಡುಗಿದ. "ಒಳೀಕಾಕಿ ಮುಚ್ಚವ್ನಿ. ಆ ಗೂಡಿನ ಒಳಗದೆ. ನಾನೇ ಸ್ಕ್ರೂ ಒಡ್ದಿರಾದು. ಸಾಕಾ?"

ಕುಳ್ಳಮ್ಮ ಬಿಟ್ಟ ಬಾಯಿ ಮುಚ್ಚಲಿಲ್ಲ. ಹೊರಗೆ ಒಂದು ಹಸು ಕೂಗಿತು, ಅದಕ್ಕೂ ಆಘಾತವಾದ ಹಾಗೆ. ಕೊನೆಗೆ ಸೋಮಯ್ಯ ಚೀಲದಿಂದ ಕೈ ತೆಗೆದು, "ದಾರೀಲಿ ಬೈದ್ಯಲ್ಲ, ಅಜ್ಜನಿಂದ ಮೊಮ್ಮಗನಗಂಟ," ಎಂದ. "ಅದೆಲ್ಲ ಈಗ ಯಾರ್ ಲೆಕ್ಕಕ್ಕೆ?"

ಗೂಡು ಬಿಚ್ಚಲು ಪುಟ್ಟಸ್ವಾಮಿ ಮೊಣಕಾಲೂರಿ ಕೂತ. ಸ್ಕ್ರೂ ತಿರುಗಲಿಲ್ಲ. ಅಂಟು ಬಿಡಲಿಲ್ಲ. ಕೆಲಸ ಅಷ್ಟು ಚೆನ್ನಾಗಿ ಮಾಡಿದ್ದ ಪುಣ್ಯಾತ್ಮ. ಒಂದು ಗಂಟೆ ಹೆಣಗಿ, ಕೊನೆಗೆ ಉಳಿ ಇಟ್ಟು ಕೊಡತಿಯಿಂದ ಹೊಡೆದ. ಒಂದೊಂದು ಏಟಿಗೂ ಚಿಕ್ಕಸ್ವಾಮಿ ತನ್ನ ಪಕ್ಕೆಲುಬಿಗೇ ಬಿತ್ತೆಂಬಂತೆ ನರಳುತ್ತಿದ್ದ. ಬೊಂಬೆ ಅರೆ ಸೀಳಿತು. ಪಾಲಿಶು ಚಕ್ಕೆ ಎದ್ದಿತು. ಬದುಕಿನಲ್ಲಿ ಮಾಡಿದ ಅತ್ಯುತ್ತಮ ಕೆಲಸವನ್ನು ಪುಟ್ಟಸ್ವಾಮಿ ತನ್ನ ಕೈಯಾರೆ ಸೌದೆ ಮಾಡಿದ. ಆಮೇಲೆ ಧೂಳಿನಲ್ಲಿ, ಒಂದು ಹಲ್ಲಿಯ ಪಕ್ಕ, ಕಪ್ಪು ಪೆಟ್ಟಿಗೆ ಕಂಡಿತು. ಕೆಂಪು ದೀಪ ಇನ್ನೂ ಮಿಣುಕುತ್ತಿತ್ತು.

ಪುಟ್ಟಗೌರಮ್ಮ ರಿಮೋಟು ಒತ್ತಿದಳು.

ಕುಂಯ್ ಎಂದಿತು.

ಪುಟ್ಟಸ್ವಾಮಿಗೆ ಮಗು ಅತ್ತ ಸದ್ದು ಕೇಳಿದಷ್ಟು ಸಮಾಧಾನವಾಯಿತು. "ಅಮ್ಮಾ ತಾಯಿ," ಎಂದು ಕೈ ಮುಗಿದ, "ಗಿರಿಜೆ ಬಂದಾಗ ಐದೂ ಜನ ತಪ್ದಂಗೆ ಒತ್ತಿ. ಜ್ವರ ಬಂದ್ರೂ ಎದ್ದ್ ಬಂದು ಒತ್ತಿ."

"ಒತ್ತುತೀವಿ ಬುಡಿ. ಅದ್ರ ಕತೆ ಅಂದ್ರೆ ನಂಗೂ ಪ್ರಾಣ."

"ಒತ್ತದು ಆಮ್ಯಾಕಾಯ್ತು," ಎಂದ ಚಿಕ್ಕಸ್ವಾಮಿ ಸೌದೆಯ ನಡುವೆ ನಿಂತು. "ಗೂಡು ಯಾವಾಗ ಮಾಡ್ಕೊಡ್ತೀರಿ? ಮರ ನಾನು ಕೊಡ್ತೀನಿ. ಕೂಲಿ ಮಾತು ಎತ್ತಂಗಿಲ್ಲ."

"ಮಾಡ್ಕೊಡ್ತೀನಿ ಗೌಡ್ರೇ. ಹೋಟ್ಲು ಕೆಲ್ಸ ಮುಗುದ್ ತಕ್ಷಣ ಬತ್ತೀನಿ."

ನಾಗಮಂಗಲಕ್ಕೆ ಬರುವಷ್ಟರಲ್ಲಿ ಸುದ್ದಿ ಅವನಿಗಿಂತ ಮೊದಲು ಇಳಿದಿತ್ತು. ಕುಳ್ಳಮ್ಮನ ಹತ್ತಿರವೂ ಫೋನಿದೆ ಎಂಬುದನ್ನು ಅವನು ಮರೆತಿದ್ದ. ಟೀ ಅಂಗಡಿಯವನು ಲೋಟ ತೊಳೆಯುವುದು ನಿಲ್ಲಿಸಿ, "ಆಚಾರ್ರೇ, ಆ ಕಿರುಚೋ ನ್ಯೂಸ್ ಚಾನೆಲ್ಗೂ ಒಂದ್ ನಾಕು ಸ್ಕ್ರೂ ಒಡೀರಿ," ಎಂದ. ಕಟಿಂಗ್ ಶಾಪಿನಿಂದ ಒಬ್ಬ ಅರ್ಧ ಗಡ್ಡದಲ್ಲೇ ಎದ್ದು ಬಂದು ನೋಡಿಹೋದ. ಹೆಂಗಸರು ಅವನನ್ನು ಕಂಡು ಬಾಗಿಲು ಹಾಕಿಕೊಂಡರು, ಮತ್ತೆ ಕಿಟಕಿ ತೆರೆದರು.

ವೆಂಕಟಮ್ಮ ಹೊಸ್ತಿಲ ಮೇಲೆ ನಿಂತಿದ್ದಳು. "ನೀವೇ ಅಂತಲ್ಲ."

"ಗೊತ್ತಿರ್ಲಿಲ್ಲ ಕಣಮ್ಮಿ."

"ಗೊತ್ತಿರ್ಲಿಲ್ವಂತೆ. ಕೆಂಪ್ ದೀಪ ಉರೀತಾ ಇದ್ರೂ ಗೊತ್ತಾಗ್ನಿಲ್ವಾ? ಜೀವಂತ ಇರಾದ್ನ ಯಾರಾದ್ರೂ ಊಳ್ತಾರಾ? ಊಳ್ಬುಟ್ಟವ್ರೆ. ನಮ್ಮಪ್ಪ ಅವತ್ತೇ ಅಂದಿದ್ದ, ಹುಡ್ಗನ ಕೈ ಚುರುಕು, ತಲೆ ನೋಡ್ಬೇಕು ಅಂತ."

ನಾಲ್ಕು ಗಂಟೆಗೆ ಶುರುವಾದದ್ದು ಏಳೂವರೆಗೂ ನಿಲ್ಲಲಿಲ್ಲ. ಗಿರಿಜೆ ಬಂದು ಹೋದ ಮೇಲೆ ಮತ್ತೆ ಮುಂದುವರಿಯಿತು. ಮಾತಿನಲ್ಲಿ ಅವನಪ್ಪ ಬಂದ, ಅವನಜ್ಜ ಬಂದ, ಭೂಮಿಕಳ ತೊಟ್ಟಿಲಿನ ಕಾಲು ಗಿಡ್ಡವಾದದ್ದೂ ಬಂತು. ಪುಟ್ಟಸ್ವಾಮಿ ಆ ಬೈಗುಳವನ್ನೆಲ್ಲ ಹಬ್ಬದ ಊಟದಂತೆ ಉಂಡ. ಬೈಯುತ್ತಿರಲಿ. ಬೈಯುವುದಕ್ಕೂ ಮಾತೇ ತಾನೇ ಬೇಕು.

ಇನ್ನು ಹದಿನಾಲ್ಕು ಸಂಚಿಕೆ ಉಳಿದಿದ್ದವು. ಪುಟ್ಟಸ್ವಾಮಿ ದಿನಾ ದೇವಲಾಪುರಕ್ಕೆ ಫೋನು ಮಾಡಿ, "ಒತ್ತಿದ್ರಾ?" ಎಂದು ಕೇಳುತ್ತಿದ್ದ. "ಒತ್ತಿದ್ವಿ ಬುಡಿ ಆಚಾರ್ರೇ, ಐದೂ ಜನ," ಎಂದು ಪುಟ್ಟಗೌರಮ್ಮ ಹೇಳುತ್ತಿದ್ದಳು. ಮೂರನೇ ವಾರದ ಗುರುವಾರ ಬೆಳಿಗ್ಗೆ ಶಿವಶಂಕರ್ ಬೈಕು ಸ್ಟ್ಯಾಂಡು ಹಾಕುವುದನ್ನೂ ಮರೆತು ಓಡಿಬಂದ. ಬೈಕು ಚರಂಡಿಗೆ ಒರಗಿತು.

"ಆಚಾರ್ರೇ, ನಿಲ್ಸಲ್ವಂತೆ. ಗಿರಿಜೆ ಮುಂದುವರೀತಾಳೆ. ನಮ್ಮ ಕಡೆಯಿಂದ ಲೆಕ್ಕ ಏಕ್ದಂ ಏರಿಬಿಟ್ಟಿದ್ಯಂತೆ."

ಮೂರು ವಾರ ಮುಖ ತಿರುಗಿಸಿದ್ದ ಬೀದಿ ಈಗ ಅವನ ಮನೆಗೆ ನುಗ್ಗಿತು. ಸೋಮಯ್ಯ ಆಟೋಗೆ ತಂದಿದ್ದ ಹಾರವನ್ನು ಅವನ ಕೊರಳಿಗೆ ಹಾಕಿದ. ಕುಳ್ಳಮ್ಮ ತೆಂಗಿನಕಾಯಿ ಇಳಿ ತೆಗೆದು ಒಡೆದಳು. "ಮುಚ್ಚಿದೋನೂ ಇವ್ನೇ, ಬಿಚ್ಚಿದೋನೂ ಇವ್ನೇ," ಎಂದು ದೇವರ ಮಹಿಮೆ ಹೇಳುವ ಹಾಗೆ ಹೇಳಿದಳು. ವೆಂಕಟಮ್ಮ ಎಲ್ಲರಿಗೂ ಪಾಯಸ ಕೊಟ್ಟಳು, ಗಂಡನ ಲೋಟಕ್ಕೆ ಎರಡು ಗೋಡಂಬಿ ಹೆಚ್ಚಿಗೆ ಹಾಕಿದಳು.

ಶುಕ್ರವಾರ ಸಂಜೆ ಇಬ್ಬರೂ ಟೀವಿ ಮುಂದೆ ಕೂತರು. ಗಿರಿಜೆ ಮೆಸ್ಸಿನ ಬಾಗಿಲು ತೆಗೆದಳು, ಮುಚ್ಚಿದಳು. ತಳದಲ್ಲಿ ಅಕ್ಷರ ಹರಿಯಿತು. ಈಗ ಪುಟ್ಟಸ್ವಾಮಿ ಎಲ್ಲವನ್ನೂ ಓದುತ್ತಿದ್ದ.

‘ವೀಕ್ಷಕರ ಅಪಾರ ಪ್ರೀತಿಗೆ ಮಣಿದು ಮೂರನೇ ಮೆಟ್ಟಿಲು ಮುಂದುವರಿಯಲಿದೆ. ಹೊಸ ಸಮಯ: ಸೋಮವಾರದಿಂದ ಮಧ್ಯಾಹ್ನ ಎರಡೂವರೆಗೆ. ಏಳೂವರೆಗೆ ನೋಡಿ: ಮಹಾ ಚರ್ಚೆ.’

ಮಧ್ಯಾಹ್ನ ಎರಡೂವರೆ ಎಂದರೆ ಬಡಗಿಯಾದವನು ಯಾರದೋ ಮನೆಯ ಏಣಿಯ ಮೇಲಿರುವ ಹೊತ್ತು. ಪುಟ್ಟಸ್ವಾಮಿ ದೇವಲಾಪುರಕ್ಕೆ ಫೋನು ಹಚ್ಚಿದ.

"ಅವ್ವಾ, ದಿನಾ ಏಳೂವರೆಗೆ ಒತ್ತಿದ್ರಿ ತಾನೇ?"

"ಏಳೂವರೆಗೆ ಯಾರು ಕುಂತ್ಕತಾರೆ ಆಚಾರ್ರೇ? ಹಾಲು ಕರ್ಯಾದಾ, ಟೀವಿ ನೋಡಾದಾ," ಎಂದಳು ಪುಟ್ಟಗೌರಮ್ಮ. "ಆವೊತ್ತಲ್ಲಿ ಯಜಮಾನ್ರೊಬ್ರೇ ಜಗಳದ ಚಾನೆಲ್ ಆಕ್ಕೊಂಡು ಒಂದ್ನೇ ನಂಬರು ಒತ್ಕೊಂಡು ಕುಂತಿರ್ತಾರೆ. ನಾವು ಗಿರಿಜೇನ ನೋಡಾದು ಮಾರ್ನೇ ದಿನ ಮದ್ಯಾನ, ತಿರ್ಗಾ ಆಕ್ತಾರಲ್ಲ, ಆಗ. ಉಂಡ್ ಕೈ ತೊಳ್ಕೊಂಡು ಬಂದು ಕುಂತ್ಕತೀವಿ. ಮಕ್ಳು ಇಸ್ಕೂಲಿಗೋಗಿರ್ತಾವಲ್ಲ, ಅವ್ರ ನಂಬರೂ ನಾನೇ ಒತ್ತುತೀನಿ. ನೀವೇಳಿದ್ ಮಾತು ಮೀರಾಕಾಯ್ತದಾ?"

ಅಂದರೆ ಪೆಟ್ಟಿಗೆ ಆ ಮನೆಯ ನಿಜವನ್ನೇ ಹೇಳಿತ್ತು, ಆ ಮನೆಯ ಲೆಕ್ಕವೇ ಎಲ್ಲರ ಲೆಕ್ಕ. ನಾಗಮಂಗಲ, ಬೆಳ್ಳೂರು, ದೇವಲಾಪುರ ಎಲ್ಲ ಸೇರಿ ಗಿರಿಜೆಯನ್ನು ಮಧ್ಯಾಹ್ನ ನೋಡುತ್ತದೆ, ಸಂಜೆ ಜಗಳ ನೋಡುತ್ತದೆ.

ಸೋಮವಾರ ಪುಟ್ಟಸ್ವಾಮಿ ದೇವಲಾಪುರದಲ್ಲೇ ಇದ್ದ, ಕೂಲಿಯಿಲ್ಲದ ಹೊಸ ಗೂಡಿನ ಕೆಲಸ. ಎರಡೂವರೆಗೆ ಪುಟ್ಟಗೌರಮ್ಮ ಬಂದು, "ಒಸಿ ಕೊಡತಿ ನಿಲ್ಸಿ ಆಚಾರ್ರೇ," ಎಂದು ಕೂತಳು. ಅತ್ತೆ ಕೂತಳು, ಗೌಡನೂ ಕೂತ. ಐದು ಸಲ ಕುಂಯ್ ಎಂದಿತು. ಪುಟ್ಟಸ್ವಾಮಿ ಮರದ ಹೊಟ್ಟಿನ ಮೇಲೆ ಕೂತು ನೋಡಿದ. ಅವತ್ತು ಗಿರಿಜೆ ಮೂರು ವರ್ಷದಲ್ಲಿ ಮಾಡದ್ದನ್ನು ಮಾಡಿದಳು. ಯಾರಿಗೂ ಹೇಳದೆ ಮೆಸ್ಸಿಗೆ ಬೀಗ ಹಾಕಿ, ಒಂದು ಚೀಲ ಹಿಡಿದು, ಊರ ಹೆಸರಿನ ಬೋರ್ಡೇ ಇಲ್ಲದ ಒಂದು ಬಸ್ಸು ಹತ್ತಿಬಿಟ್ಟಳು.

ಪುಟ್ಟಸ್ವಾಮಿ ಉಳಿದ ಕೆಲಸವನ್ನು ಅರ್ಧಕ್ಕೆ ಬಿಟ್ಟು ಬಸ್ಸು ಹಿಡಿದ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡ. ತಂಗಿ ಮನೆಗೆ ಹೋಗಿರುತ್ತಾಳೆ ಎಂದು ವೆಂಕಟಮ್ಮ ಅನ್ನುತ್ತಾಳೆ, ಅಲ್ಲ ಎಂದು ತಾನು ಅನ್ನಬೇಕು, ಆಗ ಅವಳು ರೇಗುತ್ತಾಳೆ, ಆಮೇಲೆ ನಗುತ್ತಾಳೆ. ಮನೆಗೆ ಬಂದವನು ಕೈಕಾಲನ್ನೂ ತೊಳೆಯದೆ ಅಡುಗೆಮನೆಯ ಬಾಗಿಲಲ್ಲಿ ನಿಂತ.

"ನೋಡ್ದೇನಮ್ಮಿ? ಗಿರಿಜೆ ಎಲ್ಲಿಗೋಗಿರ್ಬೋದು ಅಂತೀಯ?"

ವೆಂಕಟಮ್ಮ ಸಾರಿಗೆ ಒಗ್ಗರಣೆ ಹಾಕಿ, ದವಡೆ ಒತ್ತಿಕೊಂಡಳು.

"ಅಯ್ಯೋ, ಸುಮ್ಕಿರಿ ಅತ್ಲಾಗಿ. ಕುಳ್ಳಮ್ಮಾರ ಮನೇಲಿ ಒಂಬತ್ತು ಜನ ಕುಂತು ನೋಡ್ದೋ. ಮೂರು ಗಂಟೆಗೆ ಬಾಯ್ಬುಟ್ಟೋರು ಆರು ಗಂಟೆಗಂಟ ಅದ್ನೇ ಮಾತಾಡ್ದೋ. ಎಷ್ಟ್ ನಕ್ಕೋ ಅಂತೀರಿ. ಈಗ ದವ್ಡೆ ನೋಯ್ತಾ ಅದೆ, ನನ್ ತಾವ ಇನ್ನೊಂದ್ ಮಾತೂ ಉಳ್ದಿಲ್ಲ."

ತಟ್ಟೆ ಇಟ್ಟಳು, ಬಡಿಸಿದಳು, ತೊಳೆದಳು. ಎಂಟು ಗಂಟೆಗೆ ಗೋಡೆ ಕಡೆ ತಿರುಗಿ ಮಲಗಿದವಳು ಎರಡೇ ನಿಮಿಷದಲ್ಲಿ ಗೊರಕೆ ಹೊಡೆದಳು. ಪಕ್ಕದ ಕೋಣೆಯಲ್ಲಿ ಮಹಾ ಚರ್ಚೆಯ ಆರು ಜನ ಒಟ್ಟಿಗೆ ಕಿರುಚುತ್ತಿದ್ದರು. ಪುಟ್ಟಸ್ವಾಮಿ ಹೋಗಿ ಅವರ ಮುಂದೆ ಕೂತ. ಮನೆಯಲ್ಲಿ ಮಾತಾಡುತ್ತಿದ್ದವರು ಅವರಷ್ಟೇ.